ಹಂಪ್ ಇಳಿಯುವಾಗ ‘ಟಕ್’ ಅನ್ನುತ್ತಾ? ಬಾಲ್ ಜಾಯಿಂಟ್ ಮನೆಯಲ್ಲೇ ಬದಲಿಸೋದು ಹೇಗೆ

ಇವತ್ತು ಕಾರಿನ ಒಂದು ಸದ್ದಿನ ಬಗ್ಗೆ ಮಾತಾಡೋಣ. ಹಂಪ್ ಇಳಿಯುವಾಗ, ಇಲ್ಲಾ ಗೇಟಿನ ಹತ್ತಿರ ನಿಧಾನಕ್ಕೆ ಸ್ಟೇರಿಂಗ್ ತಿರುಗಿಸುವಾಗ ಮುಂದಿನ ಚಕ್ರದ ಕಡೆಯಿಂದ ‘ಟಕ್, ಟಕ್’ ಅಂತ ಬರುತ್ತಲ್ಲ, ಅದು. ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿದ್ರೆ ಕೇಳಿಸಲ್ಲ. ಎಷ್ಟೋ ಜನ ಅಷ್ಟೇ ಮಾಡಿ ಸುಮ್ಮನಾಗ್ತಾರೆ. ಆ ಸದ್ದಿಗೆ ಕಾರಣ ಹಲವು. ಅವುಗಳಲ್ಲಿ ಉದಾಸೀನ ಮಾಡಲೇಬಾರದ್ದು ಸವೆದ ಬಾಲ್ ಜಾಯಿಂಟ್.

ನಮ್ಮ ಭುಜದ ಕೀಲನ್ನು ನೆನಪಿಸಿಕೊಳ್ಳಿ. ಬಟ್ಟಲಿನಂಥ ಗೂಡಿನಲ್ಲಿ ಒಂದು ಗುಂಡು ಕೂತು ಎಲ್ಲ ಕಡೆಗೂ ತಿರುಗುತ್ತೆ. ಕಾರಿನಲ್ಲಿ ಆ ಗುಂಡು ಉಕ್ಕಿನದು. ಸುತ್ತ ಗ್ರೀಸ್, ಮೇಲೊಂದು ರಬ್ಬರ್ ಬೂಟ್. ಒಂದು ಕಡೆ ಲೋವರ್ ಆರ್ಮ್, ಇನ್ನೊಂದು ಕಡೆ ಚಕ್ರವನ್ನು ಹೊತ್ತಿರುವ ನಕಲ್. ಚಕ್ರ ಮೇಲೆ ಕೆಳಗೆ ಕುಣಿಯೋದಕ್ಕೂ ಎಡ ಬಲ ತಿರುಗೋದಕ್ಕೂ ಈ ಒಂದೇ ಕೀಲು. ಇದು ಕಳಚಿಕೊಂಡರೆ ಚಕ್ರದ ಕೆಳಭಾಗಕ್ಕೆ ಹಿಡಿತವೇ ಇರಲ್ಲ. ಚಕ್ರ ಮಗುಚಿ, ಕಾರು ಆ ಮೂಲೆಯಲ್ಲಿ ಕುಸಿದು ಕೂರುತ್ತೆ. ಮನೆ ಗೇಟಲ್ಲಿ ಆದ್ರೆ ಬಚಾವ್, ಹೈವೇಯಲ್ಲಿ ಆದ್ರೆ ಹೇಳಬೇಕಾಗಿಲ್ಲ.

ಹಾಳಾಗೋದು ಸಾಮಾನ್ಯವಾಗಿ ರಬ್ಬರ್ ಬೂಟಿನಿಂದ ಶುರು. ಬೂಟ್ ಹರಿದರೆ ಗ್ರೀಸ್ ಹೊರಗೆ, ಮಳೆನೀರು, ಕೆಸರು, ದೂಳು ಒಳಗೆ. ಆಮೇಲೆ ಅದು ಒಳಗೊಳಗೇ ಅರೆಯೋ ಕಲ್ಲಿನ ಕೆಲಸ ಮಾಡುತ್ತೆ. ನಮ್ಮ ಗುಂಡಿಗಳ ಪೆಟ್ಟೂ ಸೇರಿದರೆ ಕೇಳೋದೇ ಬೇಡ.

ಆದ್ರೆ ಸದ್ದು ಬಂತು ಅಂತ ತಕ್ಷಣ ಪಾರ್ಟ್ ತರಬೇಡಿ. ಸ್ಟೆಬಿಲೈಸರ್ ಲಿಂಕ್, ಆರ್ಮ್ ಬುಷ್, ಟೈ ರಾಡ್ ಎಂಡ್ ಸವೆದರೂ ಹೀಗೇ ಸದ್ದು ಬರುತ್ತೆ. ಮೊದಲು ಪರೀಕ್ಷೆ. ಕಾರಿನ ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಗಡಿಯಾರದ 12 ಮತ್ತು 6 ಗಂಟೆ ಜಾಗದಲ್ಲಿ ಟೈರ್ ಹಿಡಿದು ಅಲ್ಲಾಡಿಸಿ. ಆಟ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಅನುಮಾನ ವೀಲ್ ಬೇರಿಂಗ್ ಮೇಲೆ. ನಿಲ್ಲದಿದ್ದರೆ ಬಾಲ್ ಜಾಯಿಂಟ್ ಹತ್ತಿರ ಟಾರ್ಚ್ ಬಿಟ್ಟು ನೋಡಿ, ಟೈರ್ ಕೆಳಗೆ ಕಬ್ಬಿಣದ ರಾಡ್ ಕೊಟ್ಟು ಮೀಟಿ. ಗುಂಡು ಗೂಡಿನಲ್ಲಿ ಕುಣಿಯೋದು ಕಣ್ಣಿಗೇ ಕಾಣುತ್ತೆ. ಆಟ ಬರೀ 9 ಮತ್ತು 3ರ ಜಾಗದಲ್ಲಿ ಇದ್ದರೆ ಟೈ ರಾಡ್ ಎಂಡ್ ನೋಡಿ.

ಈ ಪರೀಕ್ಷೆ ನಮ್ಮ ಬಹುಪಾಲು ಸಣ್ಣ ಕಾರುಗಳಿಗೆ ಸರಿ. ಅವುಗಳ ಮುಂದೆ ಇರೋದು ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಪ್ರಿಂಗಿನ ಭಾರ ಸ್ಟ್ರಟ್ ಮೇಲೆ, ಕೆಳಗಿನ ಜಾಯಿಂಟ್‌ಗೆ ಚಕ್ರವನ್ನು ಅದರ ಜಾಗದಲ್ಲಿ ಹಿಡಿಯೋ ಕೆಲಸ ಮಾತ್ರ. ಮೇಲೊಂದು ಕೆಳಗೊಂದು ಆರ್ಮ್ ಇದ್ದು, ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತಿರುವ ಗಾಡಿಗಳ ಕಥೆ ಬೇರೆ. ಅಲ್ಲಿ ಜಾಕನ್ನು ಲೋವರ್ ಆರ್ಮ್ ಕೆಳಗೇ ಕೊಡಬೇಕು, ಇಲ್ಲದಿದ್ರೆ ಸ್ಪ್ರಿಂಗ್ ಒತ್ತಡದಲ್ಲಿ ಸವೆತ ಗೊತ್ತೇ ಆಗಲ್ಲ. ಬಿಚ್ಚುವಾಗ ಅದೇ ಸ್ಪ್ರಿಂಗ್ ಹಾರಿ ಪ್ರಾಣಕ್ಕೇ ಬರಬಹುದು. ಅಂಥ ಗಾಡಿಯನ್ನು ಮನೆಯಲ್ಲಿ ಮುಟ್ಟಬೇಡಿ ಅಂತಲೇ ಹೇಳ್ತೀನಿ.

ಇನ್ನು ನಿಮ್ಮ ಕಾರಲ್ಲಿ ಜಾಯಿಂಟ್ ಹೇಗೆ ಕೂತಿದೆ ನೋಡಿ. ಮನೆಯಲ್ಲಿ ಮಾಡಬಹುದಾ ಅನ್ನೋದು ಇದರ ಮೇಲೇ ನಿಂತಿದೆ. ಬೋಲ್ಟ್‌ನಲ್ಲಿ ಕೂತಿದ್ದರೆ ಸುಲಭ. ಆರ್ಮ್‌ಗೇ ಅಂಟಿಕೊಂಡು ಬಂದಿದ್ದರೆ ಇಡೀ ಆರ್ಮ್ ಬದಲಿಸಬೇಕು, ದುಡ್ಡು ಜಾಸ್ತಿ, ಆದ್ರೆ ಮಾಡಬಹುದಾದ ಕೆಲಸ. ಆರ್ಮ್‌ಗೆ ಪ್ರೆಸ್ ಮಾಡಿ ಕೂರಿಸಿದ್ದರೆ ಸುತ್ತಿಗೆ ಮುಟ್ಟಬೇಡಿ. ಆರ್ಮ್ ಬಿಚ್ಚಿ, ಹೈಡ್ರಾಲಿಕ್ ಪ್ರೆಸ್ ಇರುವ ವರ್ಕ್‌ಶಾಪಿಗೆ ಕೊಡಿ, ಮತ್ತೆ ತಂದು ನೀವೇ ಕೂರಿಸಿ. ಓದಿದ್ದು ಬಿ.ಕಾಂ., ಲೆಕ್ಕ ಹಾಕದೆ ಇರೋಕೆ ಆಗಲ್ಲ ನನಗೆ: ಒಂದೇ ಸಲದ ಕೆಲಸಕ್ಕೆ ಪ್ರೆಸ್ ಕೊಳ್ಳೋದು ನಷ್ಟ, ಒಳ್ಳೆ ಜಾಕ್ ಸ್ಟ್ಯಾಂಡ್ ಕೊಂಡರೆ ಅದು ಆಸ್ತಿ.

ಹಿಂದಿನ ರಾತ್ರಿಯೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡಿ. ಬೆಳಗ್ಗೆ ಸಮತಟ್ಟಾದ, ಗಟ್ಟಿ ನೆಲ, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು. ಚಕ್ರ ನೆಲದ ಮೇಲಿದ್ದಾಗಲೇ ನಟ್ ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ. ಸ್ಟೆಪ್ನಿ ಬದಲಿಸೋ ಜಾಕ್ ಕಾರನ್ನು ಎತ್ತೋಕೆ ಮಾತ್ರ. ಅದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕಲೇಬೇಡಿ. ಸ್ಟ್ಯಾಂಡ್ ಕೊಟ್ಟ ಮೇಲೂ ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗೆ ಮಲಗಿಸಿಡಿ. ಮುಂದಿನ ಎರಡೂ ಕಡೆ ಒಟ್ಟಿಗೆ ಎತ್ತಿದರೆ ಇನ್ನೂ ಒಳ್ಳೆಯದು, ಒಂದೇ ಕಡೆ ಎತ್ತಿದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಆರ್ಮನ್ನು ಬಿಡಲ್ಲ.

ಎಷ್ಟೋ ಕಾರುಗಳಲ್ಲಿ ಜಾಯಿಂಟ್‌ನ ಕಡ್ಡಿ ನಕಲ್ ಒಳಗೆ ಹೋಗಿ, ಅಡ್ಡಕ್ಕೆ ಒಂದು ಬೋಲ್ಟ್ ಅದನ್ನು ಬಿಗಿಹಿಡಿದಿರುತ್ತೆ. ಕಡ್ಡಿಯಲ್ಲಿ ಒಂದು ಗಾಡಿ ಕೊರೆದಿರುತ್ತೆ, ಬೋಲ್ಟ್ ಅದರೊಳಗೆ ಹಾದುಹೋಗಿರುತ್ತೆ. ಹಾಗಾಗಿ ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ತೆಗೀಬೇಕು. ಆಮೇಲೆ ಸೀಳಿನಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಒಂಚೂರು ಅಗಲಿಸಿ, ಉದ್ದ ರಾಡಿನಿಂದ ಆರ್ಮನ್ನು ಕೆಳಕ್ಕೆ ಒತ್ತಿ. ಅಲ್ಲಿಂದ ನಕಲ್ ತೂಗಾಡೋಕೆ ಶುರು ಮಾಡುತ್ತೆ. ಹೊರಕ್ಕೆ ಎಳೆದರೆ ಡ್ರೈವ್ ಶಾಫ್ಟ್‌ನ ಒಳಗಿನ ಜಾಯಿಂಟ್ ಕಳಚಬಹುದು, ಬ್ರೇಕ್ ಹೋಸ್ ಮೇಲೂ ಭಾರ ಬೀಳುತ್ತೆ. ಒಂದು ತಂತಿಯಲ್ಲಿ ಕಟ್ಟಿಬಿಡಿ.

ಹೊಸ ಜಾಯಿಂಟ್ ಕೊಳ್ಳುವಾಗ ಕಡ್ಡಿಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಬಿಗಿಯಾಗಿ, ಒಂದೇ ಸಮನೆ ತಿರುಗಬೇಕು. ಬೆಂಗಳೂರಿನವರು ಜೆ.ಸಿ. ರಸ್ತೆಗೆ ಹೋಗೋದಾದ್ರೆ ಮಾಡೆಲ್, ಇಸವಿ, ಹಳೇ ಪಾರ್ಟ್ ಮೇಲಿನ ನಂಬರ್ ಬರೆದುಕೊಂಡೇ ಹೋಗಿ. ‘ಹಳೇದನ್ನೇ ಹೊಡೆದು ಟೈಟ್ ಮಾಡ್ಕೊಡ್ತೀವಿ’ ಅಂತ ಯಾರಾದ್ರೂ ಅಂದ್ರೆ ಕೈ ಮುಗಿದು ಬನ್ನಿ. ಬೂಟ್ ಮಾತ್ರ ಹರಿದಿದೆ, ಒಳಗೆ ಆಟ ಇಲ್ಲ, ನೀರು ಹೋಗಿಲ್ಲ ಅಂದ್ರೆ ಬೂಟ್ ಒಂದೇ ಬದಲಿಸಿದರೂ ನಡೆಯುತ್ತೆ. ನೀರು ಹೋಗಿದ್ದರೆ ಅದು ದುಡ್ಡು ದಂಡ.

ಕೂರಿಸುವಾಗ ನಟ್, ಬೋಲ್ಟ್ ಹೊಸದೇ ಹಾಕಿ. ಎಷ್ಟು ಬಿಗಿ ಅನ್ನೋದಕ್ಕೆ ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ನೋಡಿ ಟಾರ್ಕ್ ರೆಂಚ್ ಬಳಸಿ. ಸ್ಪ್ಲಿಟ್ ಪಿನ್ ಇರುವ ನಟ್ ಆದರೆ, ರಂಧ್ರ ಸೇರಲಿಲ್ಲ ಅಂತ ನಟ್ಟನ್ನು ಹಿಂದಕ್ಕೆ ಸಡಿಲಿಸಬೇಡಿ, ಮುಂದಿನ ಸೀಳಿಗೆ ಬಿಗಿ ಮಾಡಿ. ಇಡೀ ಆರ್ಮ್ ಬದಲಿಸಿದ್ದರೆ ಬುಷ್‌ನ ಬೋಲ್ಟ್‌ಗಳ ಕೊನೇ ಬಿಗಿತ ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೇ. ಗಾಳಿಯಲ್ಲಿ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಎಷ್ಟೋ ಗ್ಯಾರೇಜ್‌ಗಳಲ್ಲೂ ಇದನ್ನು ಮಾಡಲ್ಲ.

ಕೆಲಸ ಮುಗಿದ ಮೇಲೆ ಮೊದಲು ನಿಮ್ಮ ಬೀದಿಯಲ್ಲೇ ನಿಧಾನಕ್ಕೆ ಒಂದು ಸುತ್ತು, ಎರಡು ಸಲ ಜೋರಾಗಿ ಬ್ರೇಕ್. ಆಮೇಲೆ ನೇರ ವೀಲ್ ಅಲೈನ್‌ಮೆಂಟ್ ಅಂಗಡಿಗೆ. ಎರಡು ಮೂರು ದಿನ ಓಡಿಸಿ ನಟ್‌ಗಳಿಗೆ ಇನ್ನೊಮ್ಮೆ ರೆಂಚ್ ಹಾಕಿ ನೋಡಿ. ಆಗಲೇ ಇನ್ನೊಂದು ಕಡೆಯ ಬೂಟ್ ಕಡೆಗೂ ಟಾರ್ಚ್ ಬಿಡಿ, ಅದೂ ಅಷ್ಟೇ ಹಂಪ್ ಹಾರಿರುತ್ತೆ.