ಏಳು ತಂತಿಯ ಚೌಡಯ್ಯ

ಗೋಕಾಕ, ಮೂಡಲಗಿ, ಮಮದಾಪುರದ ಕಡೆಯ ಕಿವಿಗಳಿಗೆ ಹಾರ್ಮೋನಿಯಂ ಹತ್ತಿರದ್ದು. ಕುಲಗೋಡ ತಮ್ಮಣ್ಣನ ಪಾರಿಜಾತದ ಆಟವನ್ನು ರಾತ್ರಿಯಿಡೀ ಕೇಳಿ ಬೆಳೆದ ಸೀಮೆ ಇದು. ಪಿಟೀಲು ಇಲ್ಲಿ ಅಪರೂಪ. ಹಾಗಾಗಿಯೇ ಇರಬೇಕು, ಟಿ. ಚೌಡಯ್ಯ ಎಂದರೆ ಈ ಕಡೆ ಅನೇಕರಿಗೆ ಬೆಂಗಳೂರಿನ ಒಂದು ಸಭಾಂಗಣದ ಹೆಸರು, ಅಷ್ಟೆ. ಅವರು ತಮ್ಮ ವಾದ್ಯಕ್ಕೆ ಏನು ಮಾಡಿದರು ಎಂಬುದನ್ನು ಹೇಳಲೇಬೇಕು.

ಪಿಟೀಲಿಗೆ ನಾಲ್ಕು ತಂತಿ. ಯುರೋಪಿನಿಂದ ಬಂದ ಈ ವಾದ್ಯವನ್ನು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಾಲುಸ್ವಾಮಿ ದೀಕ್ಷಿತರಂಥವರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಶ್ರುತಿ ಮಾಡುವ ಕ್ರಮ ಬದಲಾಯಿತು. ನಿಂತು ನುಡಿಸುವ ವಾದ್ಯ ನೆಲಕ್ಕೆ ಕುಳಿತಿತು, ಅದರ ತಲೆ ಬಲಗಾಲಿನ ಪಾದದ ಮೇಲೆ ಒರಗಿತು. ತಂತಿ ಮಾತ್ರ ನಾಲ್ಕೇ ಉಳಿದವು.

ಮೈಕು ಇಲ್ಲದ ಕಾಲ. ಗುಡಿಯ ಪ್ರಾಂಗಣದಲ್ಲಿ, ಮದುವೆಯ ಚಪ್ಪರದಲ್ಲಿ, ರಾಮನವಮಿಯ ಪೆಂಡಾಲಿನಲ್ಲಿ ಕಚೇರಿ. ಹಾಡುವವರ ಗಂಟಲು ಗಟ್ಟಿ, ಮೃದಂಗ ಇನ್ನೂ ಗಟ್ಟಿ. ನಡುವೆ ಪಿಟೀಲಿನ ದನಿ ಮುಂದಿನ ಸಾಲುಗಳಲ್ಲೇ ಕರಗಿಹೋಗುತ್ತಿತ್ತು. ಗಾಯಕನ ಆಲಾಪನೆಯನ್ನು ನೆರಳಿನಂತೆ ಹಿಂಬಾಲಿಸಿ, ಅವನು ನಿಲ್ಲಿಸಿದಾಗ ಅದೇ ರಾಗವನ್ನು ತನ್ನ ದಾರಿಯಲ್ಲಿ ಬಿಡಿಸುವುದು ಪಕ್ಕವಾದ್ಯದವನ ಕೆಲಸ. ಅದು ಹಿಂದೆ ಕೂತವನಿಗೆ ಕೇಳದಿದ್ದರೆ ಅರ್ಧ ಕಚೇರಿಯೇ ಇಲ್ಲವಾದಂತೆ. ಆ ಹೊತ್ತಿಗೆ ಪಕ್ಕವಾದ್ಯದಲ್ಲಿ ಹೆಸರು ಮಾಡಿದ್ದ ಚೌಡಯ್ಯನವರು 1927ರಲ್ಲಿ ನಾಲ್ಕರಲ್ಲಿ ಮೂರು ತಂತಿಗಳಿಗೆ ಒಂದೊಂದು ಜೋಡಿ ತಂತಿ ಸೇರಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು.

ಕೇಳಲು ಸುಲಭ, ಮಾಡಲು ಕಷ್ಟ. ಮೂರು ತಂತಿ ಹೆಚ್ಚಾದರೆ ಮೂರು ಬಿರಡೆ ಹೆಚ್ಚಬೇಕು, ಅವಕ್ಕೆ ತಲೆಭಾಗದಲ್ಲಿ ಜಾಗ ಬೇಕು. ತಂತಿ ಹೊರುವ ಕುದುರೆಯ ಮೇಲೆ, ಅದರಡಿಯ ತೆಳು ಹಲಗೆಯ ಮೇಲೆ ಬೀಳುವ ಎಳೆತ ಏರುತ್ತದೆ. ನುಡಿಸುವವನ ಪಾಡು ಇನ್ನೂ ಕಠಿಣ. ಒಂದು ಬೆರಳು ಒಂದರ ಬದಲು ಎರಡು ತಂತಿಗಳನ್ನು ಒಟ್ಟಿಗೆ ಒತ್ತಬೇಕು, ಒಂದೇ ಕಮಾನು ಎರಡನ್ನೂ ಸಮನಾಗಿ ಎಳೆಯಬೇಕು. ಜೋಡಿಯಲ್ಲಿ ಒಂದು ಕೂದಲೆಳೆಯಷ್ಟು ಇಳಿದರೂ ನಾದ ಒಡೆಯುತ್ತದೆ. ಇಷ್ಟರ ಮೇಲೆ ಗಮಕ ಬೇಕು. ಬೆರಳು ಒತ್ತಿಕೊಂಡೇ ಜಾರಬೇಕು, ತೂಗಬೇಕು, ಎರಡು ತಂತಿ ಒಂದೇ ಉಸಿರಿನಲ್ಲಿ ಜಾರಬೇಕು. ಕೈಯಲ್ಲಿ ಅಸಾಧಾರಣ ಕಸುವು ಇಲ್ಲದೆ ತೋಡಿ ರಾಗದ ಗಾಂಧಾರ ಇಲ್ಲಿ ಹುಟ್ಟುವುದಿಲ್ಲ. ಅದು ಹುಟ್ಟಿದಾಗ ಸಿಗುವ ತುಂಬು ನಾದವನ್ನು ಚೌಡಯ್ಯನವರ ಹಳೆಯ ಧ್ವನಿಮುದ್ರಣಗಳಲ್ಲಿ ಇಂದಿಗೂ ಕೇಳಬಹುದು.

ಆ ಕಸುವು ಬಂದದ್ದು ಗುರುಮನೆಯಿಂದ. ಕಾವೇರಿ, ಕಪಿಲೆ ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಹುಡುಗ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯನಾದ. ಕೃಷ್ಣಪ್ಪನವರು ಗಾಯಕರು. ಚೌಡಯ್ಯನವರ ಪಿಟೀಲು ಹಾಡಿದಂತೆ ಕೇಳುವುದಕ್ಕೆ ಇದೇ ಕಾರಣ ಎಂದು ನನ್ನ ನಂಬಿಕೆ.

ಮುಂದಿನದು ಕರ್ನಾಟಕ ಸಂಗೀತದವರೆಲ್ಲ ಬಲ್ಲ ಹಾದಿ. ಅರಿಯಕುಡಿ, ಸೆಮ್ಮಂಗುಡಿ ಮೊದಲಾದ ಗಾಯಕರಿಗೆಲ್ಲ ಪಕ್ಕವಾದ್ಯ ನುಡಿಸಿದರು. ಚೆಂಬೈ ವೈದ್ಯನಾಥ ಭಾಗವತರೊಂದಿಗಿನ ಜೋಡಿಯಂತೂ ಮನೆಮಾತು. ಆ ಘನ ಕಂಠಕ್ಕೆ ಏಳು ತಂತಿಯೇ ತಕ್ಕದ್ದು. 1943ರಲ್ಲಿ ಚೌಡಯ್ಯನವರು ‘ವಾಣಿ’ ಎಂಬ ಕನ್ನಡ ಚಿತ್ರ ನಿರ್ಮಿಸಿದರು. ಅದರಲ್ಲಿ ಚೆಂಬೈಯವರ ಕಚೇರಿಯಿದೆ. ಪಂಡರಿಬಾಯಿಯವರ ಮೊದಲ ಚಿತ್ರವೂ ಅದೇ. 1957ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ನೀಡಿತು. ನಡುನಡುವೆ ‘ತ್ರಿಮಕುಟ’ ಅಂಕಿತದಲ್ಲಿ ಕೃತಿಗಳನ್ನೂ ರಚಿಸಿದರು. ನುಡಿಸಾಣಿಕೆಯ ಕೀರ್ತಿಯ ಮುಂದೆ ವಾಗ್ಗೇಯಕಾರ ಚೌಡಯ್ಯ ಹಿಂದೆ ಸರಿದುಬಿಟ್ಟರು. ಆ ಕೃತಿಗಳು ಕಚೇರಿಗಳಲ್ಲಿ ಕೇಳಿಬರುವುದು ತೀರ ಕಡಿಮೆ. ನನಗೆ ಇದು ನ್ಯಾಯವೆನಿಸುವುದಿಲ್ಲ.

1967ರ ಜನವರಿಯಲ್ಲಿ ಅವರು ತೀರಿಕೊಂಡರು. 1980ರಲ್ಲಿ ಕೆ.ಕೆ. ಮೂರ್ತಿಯವರ ಶ್ರಮದಿಂದ ಬೆಂಗಳೂರಿನಲ್ಲಿ ಎದ್ದು ನಿಂತ ಚೌಡಯ್ಯ ಸ್ಮಾರಕ ಭವನದ ಆಕಾರವೇ ಪಿಟೀಲು: ತಂತಿ, ಬಿರಡೆ, ಕುದುರೆ, ಕಮಾನು ಸಹಿತ. ಒಬ್ಬ ಪಕ್ಕವಾದ್ಯಗಾರನಿಗೆ ಇಂಥ ಗೌರವ ಸಂದದ್ದು ಕನ್ನಡನಾಡಿಗೆ ಹೆಮ್ಮೆಯ ಮಾತು.

ವಾದ್ಯದ ಕಥೆ ಬೇರೆಯಾಯಿತು. ಮೈಕು ಬಂತು, ಆಮೇಲೆ ಪಿಟೀಲಿನ ಮೈಗೇ ಅಂಟಿಸುವ ಪುಟ್ಟ ಮೈಕೂ ಬಂತು. ನಾಲ್ಕೇ ತಂತಿಯ ದನಿ ಕೊನೆಯ ಸಾಲಿನ ಆಚೆಗೂ ಹೋಗತೊಡಗಿದ ಮೇಲೆ ಏಳರ ಕಷ್ಟ ಯಾರಿಗೆ ಬೇಕು? ಶಿಷ್ಯರಾದ ಆರ್.ಆರ್. ಕೇಶವಮೂರ್ತಿಯವರು ಹಟ ಹಿಡಿದು ಏಳು ತಂತಿಯನ್ನು ಉಳಿಸಿಕೊಂಡರು. 2006ರಲ್ಲಿ ಅವರೂ ಹೋದರು. ಮೈಕು ದನಿಯನ್ನು ದೊಡ್ಡದು ಮಾಡುತ್ತದೆ, ನಿಜ. ಜೋಡಿ ತಂತಿ ಒಟ್ಟಿಗೆ ನುಡಿದಾಗಿನ ಆ ತುಂಬುತನವನ್ನು ಅದು ಎಲ್ಲಿಂದ ತರಬೇಕು?

ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಚೌಡಯ್ಯನವರ ಮೈಸೂರಿನಲ್ಲೇ ಇದೆ. ಅಲ್ಲಿ ಏಳು ತಂತಿಗೆಂದೇ ಒಂದು ತರಗತಿ ನಡೆಯಬೇಕು. ಧ್ವನಿಮುದ್ರಣ ಕೇಳಿ ರಾಗ ಕಲಿಯಬಹುದು, ಎರಡು ತಂತಿಯನ್ನು ಒಂದು ಬೆರಳಲ್ಲಿ ಒತ್ತುವ ಬಗೆಯನ್ನು ಎದುರು ಕೂತೇ ಕಲಿಯಬೇಕು. ಬಲ್ಲವರಿಗೆ ವಯಸ್ಸಾಗುತ್ತಿದೆ.