ಜೀಪಿನ ಹುಡ್ ಎಲ್ಲಿಂದ ಸೋರುತ್ತದೆ?

ಕಲಬುರಗಿ ಜಿಲ್ಲೆಯಲ್ಲಿ ಹಳೆಯ ಮಹೀಂದ್ರ ಜೀಪನ್ನು ಮಾರದೆ ಇಟ್ಟುಕೊಂಡವರು ಇನ್ನೂ ಇದ್ದಾರೆ. ಸಿಜೆ 3ಬಿ, ಎಂಎಂ 540, ಕಮಾಂಡರ್, ಯಾವುದೇ ಇರಲಿ, ಎಂಜಿನ್ ಕೆಲಸಕ್ಕೆ ಮಿಸ್ತ್ರಿ ಸಿಗುತ್ತಾನೆ, ಸಾಮಾನೂ ಹೇಗೋ ಹೊಂದುತ್ತದೆ. ತಾಪತ್ರಯವೆಲ್ಲ ಮೇಲಿನ ಕ್ಯಾನ್ವಾಸ್ ಹುಡ್‌ದು. ಈ ಭಾಗದಲ್ಲಿ ಮಳೆ ಜೂನ್‌ನಲ್ಲಿ ಶುರುವಾದರೂ ಜೋರು ಹಿಡಿಯುವುದು ಸೆಪ್ಟೆಂಬರ್‌ನಲ್ಲಿ. ಹುಡ್‌ಗೆ ನೀರು ನಿಲ್ಲುವಂತೆ ಏನು ಹಚ್ಚಬೇಕು ಎಂದು ಸೇಡಂನಲ್ಲಿ ಕೇಳಿದರೆ ಒಂದು ಉತ್ತರ, ಚಿತ್ತಾಪುರದಲ್ಲಿ ಇನ್ನೊಂದು, ವಾಡಿಯಲ್ಲಿ ಮತ್ತೊಂದು. ಆ ಉತ್ತರಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಬಟ್ಟೆಯನ್ನೇ ಕೊಲ್ಲುವಂಥವು.

“ಬಟ್ಟಿ ಸೋರ್ತದ, ವಾಟರ್‌ಪ್ರೂಫ್ ಡಬ್ಬಿ ತಂದು ಬಳದ್ರ ಮುಗೀತು.”

ದಪ್ಪ ಹತ್ತಿ ಕ್ಯಾನ್ವಾಸಿನ ನಡುಮೈಯಿಂದ ನೀರು ಇಳಿಯುವುದು ಅಪರೂಪ. ಹತ್ತಿ ನೂಲು ನೀರು ಕುಡಿದು ಉಬ್ಬುತ್ತದೆ, ಉಬ್ಬಿದಾಗ ನೇಯ್ಗೆಯ ಸಂದುಗಳು ತಾವಾಗಿಯೇ ಬಿಗಿಯುತ್ತವೆ. ಎರಡನೇ ಮಹಾಯುದ್ಧದ ಹೊತ್ತಿಗೆ ಮ್ಯಾಂಚೆಸ್ಟರ್‌ನ ಶರ್ಲಿ ಸಂಶೋಧನಾ ಸಂಸ್ಥೆ ಇದೇ ಗುಣವನ್ನು ಹಿಡಿದು ವೆಂಟೈಲ್ ಎಂಬ ಬಟ್ಟೆ ಮಾಡಿತು. ರಬ್ಬರಿನ ಲೇಪವೇ ಇಲ್ಲದ ಆ ಬಿಗಿ ನೇಯ್ಗೆಯ ಹತ್ತಿಯಿಂದ, ಸಮುದ್ರಕ್ಕೆ ಬಿದ್ದ ವಿಮಾನ ಚಾಲಕರ ಜೀವ ಉಳಿಸುವ ಉಡುಪು ಹೊಲಿದರು. ಹತ್ತಿಯ ಬಲ ಅಷ್ಟಿದೆ.

ಸೋರುವುದು ಹೊಲಿಗೆ. ಹುಡ್‌ನ ಎರಡು ಪಟ್ಟಿ ಕೂಡುವಲ್ಲಿ ಸಾಲಾಗಿ ಸೂಜಿ ತೂತುಗಳಿರುತ್ತವೆ. ನಡು ಮಧ್ಯಾಹ್ನ ಹುಡ್ ಕೆಳಗೆ ಕುಳಿತು ಕತ್ತೆತ್ತಿ ನೋಡಿ. ಹೊಲಿಗೆಯ ಗುಂಟ ಸಾಸಿವೆ ಕಾಳಿಗಿಂತ ಸಣ್ಣ ಬೆಳಕಿನ ಚುಕ್ಕಿಗಳು ಕಂಡರೆ ನೀರು ಬರುವ ದಾರಿ ಅದೇ. ಹತ್ತಿ ನೂಲಿನ ಹೊಲಿಗೆಯಾದರೆ ನೂಲೂ ಉಬ್ಬಿ ತೂತು ಮುಚ್ಚುತ್ತದೆ. ಈಗ ಕುಶನ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಹೊಲಿಯುವುದು ಪಾಲಿಯೆಸ್ಟರ್ ಇಲ್ಲವೇ ನೈಲಾನ್ ದಾರದಲ್ಲಿ. ಆ ದಾರ ಉಬ್ಬುವುದಿಲ್ಲ, ತೂತು ತೂತಾಗಿಯೇ ಉಳಿಯುತ್ತದೆ. ನೈಲಾನ್ ಅಂತೂ ಬಿಸಿಲಿಗೆ ಬೇಗ ಸೋಲುತ್ತದೆ. ಹೊಲಿಯಲು ಕೊಡುವಾಗಲೇ ಒಳಗೆ ಪಾಲಿಯೆಸ್ಟರ್, ಹೊರಗೆ ಹತ್ತಿ ಸುತ್ತಿದ ದಾರ ಕೇಳಬೇಕು. ಅದು ಸಿಗದಿದ್ದರೆ ಜೇನುಮೇಣದ ಗಟ್ಟಿಯೇ ಮದ್ದು. ಬಿಸಿಲಿಗೆ ಚೆನ್ನಾಗಿ ಕಾದ ಹೊಲಿಗೆಯ ಮೇಲೆ ಹೊರಗಿನಿಂದ ಮೇಣವನ್ನು ಒತ್ತಿ ಉಜ್ಜಿದರೆ ಅದು ಮೆತ್ತಗಾಗಿ ತೂತಿನೊಳಗೆ ಇಳಿಯುತ್ತದೆ. ನಮ್ಮ ಮೇ ತಿಂಗಳ ಬಿಸಿಲು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಇನ್ನೊಂದು ಜಾಗವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಮುಂದಿನ ಗಾಜಿನ ಚೌಕಟ್ಟಿಗೆ ಹುಡ್ ಕೂಡುವ ಅಂಚು ಅದು. ಓಡುವ ಗಾಡಿಯಲ್ಲಿ ಗಾಳಿಯೇ ಮಳೆ ನೀರನ್ನು ಆ ಸಂದಿನಲ್ಲಿ ಒಳಗೆ ನೂಕುತ್ತದೆ. ಅಲ್ಲಿಯ ರಬ್ಬರ್ ಪಟ್ಟಿ ಒಣಗಿ ಸೀಳಿದ್ದರೆ ಬಟ್ಟೆಗೆ ಎಷ್ಟು ಡಬ್ಬಿ ಸುರಿದರೂ ಡ್ರೈವರನ ಮೊಣಕಾಲು ತೊಯ್ಯುವುದು ತಪ್ಪುವುದಿಲ್ಲ.

ಹೊಸ ಹುಡ್ ಮೊದಲ ಮಳೆಗೇ ಸೋರಿತೆಂದು ಹೊಲಿದವನ ಮೇಲೆ ಜಗಳಕ್ಕೆ ಹೋಗುವುದೂ ಉಂಟು. ಹೊಸ ಹತ್ತಿ ಕ್ಯಾನ್ವಾಸ್ ಒಂದೆರಡು ಸಲ ಪೂರ್ತಿ ತೊಯ್ದು, ಹುಡ್ ಹೊರುವ ಕಮಾನಿನ ಮೇಲೆ ಬಿಗಿದಂತೆಯೇ ಒಣಗಬೇಕು. ಆಗ ಬಟ್ಟೆ ಸ್ವಲ್ಪ ಕುಗ್ಗಿ ನೇಯ್ಗೆ ಕೂಡಿಕೊಳ್ಳುತ್ತದೆ. ಈ ಕೆಲಸವನ್ನು ಮಳೆಗೆ ಬಿಡದೆ ಬೇಸಿಗೆಯಲ್ಲೇ ನಲ್ಲಿ ನೀರಿನಿಂದ ಮಾಡಿ ಮುಗಿಸಬಹುದು.

“ಧೂಳ ಏನ್ ಮಾಡ್ತದ್ರಿ? ಒಂದು ಮಳಿ ಬಂದ್ರ ತೊಳಕೊಂಡು ಹೋಗ್ತದ.”

ಬೇರೆ ಊರಿನಲ್ಲಿ ಈ ಮಾತು ನಡೆಯಬಹುದು. ಇಲ್ಲಿ ನಡೆಯುವುದಿಲ್ಲ. ಶಹಾಬಾದದಲ್ಲಿ ನಿಜಾಮರ ಕಾಲದಲ್ಲೇ ಸಿಮೆಂಟ್ ತಯಾರಾಗುತ್ತಿತ್ತು. ವಾಡಿಯ ಎಸಿಸಿ ಕಾರ್ಖಾನೆ 1968ರದು. ಮಳಖೇಡ, ಸೇಡಂ, ಚಿಂಚೋಳಿ ತಾಲೂಕಿನ ಛತ್ರಸಾಲದವರೆಗೂ ಸುಣ್ಣದ ಕಲ್ಲಿನ ಗಣಿ, ಕಾರ್ಖಾನೆ, ಸಿಮೆಂಟ್ ಲಾರಿಗಳ ಸಾಲು. ಹುಡ್ ಮೇಲೆ ಕೂರುವ ಬೂದಿ ಬಣ್ಣದ ಪದರದಲ್ಲಿ ಎರಡು ಬಗೆ ಇದೆ. ಗಣಿಯ ಧೂಳು, ಪರ್ಸಿ, ಅಂದರೆ ಶಹಾಬಾದ್ ಕಲ್ಲಿನ ಚಪ್ಪಡಿ, ಪಾಲಿಶ್ ಮಾಡುವಲ್ಲಿ ಏಳುವ ಪುಡಿ ಬರೀ ಸುಣ್ಣದ ಕಲ್ಲು. ಅದು ನೇಯ್ಗೆಯೊಳಗೆ ಸೇರಿ ನೂಲನ್ನು ಸವೆಸುತ್ತದೆ, ನೀರನ್ನು ಹಿಡಿದುಕೊಳ್ಳುತ್ತದೆ. ಸಿಮೆಂಟಿನ ಧೂಳಿನ ದಾರಿ ಬೇರೆ. ನೀರು ತಾಗಿದ ಕೂಡಲೇ ಅದು ಸಿಮೆಂಟಿನ ಕೆಲಸವನ್ನೇ ಮಾಡುತ್ತದೆ, ನೂಲಿನ ನಡುವೆ ಗಟ್ಟಿಯಾಗುತ್ತದೆ. ಮಡಚುವ ಜಾಗದಲ್ಲಿ ಹಾಗೆ ಗಟ್ಟಿಯಾದ ಬಟ್ಟೆ ಗೆರೆ ಹಿಡಿದು ಸೀಳುತ್ತದೆ. ಮೇಲಾಗಿ ಒದ್ದೆ ಸಿಮೆಂಟ್ ಬಲವಾದ ಕ್ಷಾರ. ಹೊಸ ಗಿಲಾವಿನ ಮೇಲೆ ಆಯಿಲ್ ಪೇಂಟ್ ಹಚ್ಚಿದರೆ ಏಳುತ್ತದೆಂದು ಪೇಂಟರ್‌ಗಳಿಗೆಲ್ಲ ಗೊತ್ತು. ಎಣ್ಣೆ ಹಚ್ಚಿ ನೀರು ತಡೆಯುವಂತೆ ಮಾಡಿದ ಹುಡ್‌ನಲ್ಲಿ ಆಗುವುದೂ ಅದೇ, ಎಣ್ಣೆಯ ಪದರವನ್ನು ಕ್ಷಾರ ಒಡೆಯುತ್ತದೆ. ಪ್ಯಾರಾಫಿನ್ ಮೇಣಕ್ಕೆ ಕ್ಷಾರದ ಭಯವಿಲ್ಲ. ಈ ಸೀಮೆಗೆ ಎಣ್ಣೆಗಿಂತ ಮೇಣದ ಪ್ರೂಫಿಂಗ್ ಒಳ್ಳೆಯದೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಆದ್ದರಿಂದ ಮೊದಲ ಕೆಲಸ ಒಣ ಬ್ರಷ್‌ನದು. ಮೃದು ಕೂದಲಿನ ಬ್ರಷ್‌ನಿಂದ ಹೊರಗೆ, ಒಳಗೆ, ಹೊಲಿಗೆಯ ಮಡಿಕೆಗಳಲ್ಲಿ ಧೂಳು ಪೂರ್ತಿ ತೆಗೆದ ಮೇಲೆಯೇ ನೀರು. ಮೊದಲೇ ಪೈಪ್ ಹಿಡಿದರೆ ಧೂಳನ್ನು ಕೈಯಾರೆ ಕಲಸಿ ಒಳಗೆ ತುಂಬಿದಂತಾಗುತ್ತದೆ.

“ಸರ್ಫ್ ಹಾಕಿ ತಿಕ್ಕಿದ್ರ ಹೊಸದರಂಗ ಆಗ್ತದ.”

ಹೊಸದರಂತೆ ಕಾಣುತ್ತದೆ, ನಿಜ. ಆದರೆ ಬಟ್ಟೆ ಒಗೆಯುವ ಪುಡಿಯ ಕೆಲಸವೇ ನೀರು ಬಟ್ಟೆಯೊಳಗೆ ಸಲೀಸಾಗಿ ಇಳಿಯುವಂತೆ ಮಾಡುವುದು. ಹಳೆಯ ಮೇಣವನ್ನು ಅದು ಎಬ್ಬಿಸುತ್ತದೆ, ಉಳಿದ ಪುಡಿ ಮುಂದಿನ ಮಳೆಗೆ ಬಾಗಿಲು ತೆರೆಯುತ್ತದೆ. ತಣ್ಣೀರು ಸಾಕು. ಹಕ್ಕಿಯ ಹಿಕ್ಕೆ, ಗ್ರೀಸ್ ಕಲೆ ಇದ್ದಲ್ಲಿ ಮಾತ್ರ ಮೈ ತೊಳೆಯುವ ಸಾಬೂನು ತುಸು ತಾಗಿಸಿ, ನೊರೆ ನಿಲ್ಲುವವರೆಗೆ ನೀರು ಹೊಯ್ಯಬೇಕು. ಕಪ್ಪು ಬೂಷ್ಟಿನ ಚುಕ್ಕಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕುವವರಿದ್ದಾರೆ. ಕಲೆಯ ಜೊತೆ ನೂಲಿನ ಬಲವೂ ಹೋಗುತ್ತದೆ, ದಯವಿಟ್ಟು ಬೇಡ.

“ಹಳಿ ಎಂಜಿನ್ ಆಯಿಲ್ ಹಚ್ರಿ, ಒಂದು ಹನಿ ಇಳಿಯಂಗಿಲ್ಲ.”

ಈ ಸಲಹೆಯಷ್ಟು ಹಾನಿ ಬೇರಾವುದೂ ಮಾಡಿಲ್ಲ. ಎಂಜಿನ್ ಆಯಿಲ್ ಎಂದೂ ಒಣಗುವುದಿಲ್ಲ. ಬಟ್ಟೆಯಲ್ಲಿ ಒದ್ದೆಯಾಗಿಯೇ ಇದ್ದು ಧೂಳನ್ನು ಹಿಡಿದು ಕೆಸರು ಮಾಡುತ್ತದೆ, ಸೀಟಿಗೆ, ಅಂಗಿಗೆ ಬಳಿಯುತ್ತದೆ, ಬೆಂಕಿ ತಾಗಿದರೆ ಇಡೀ ಹುಡ್ ಬತ್ತಿಯಾಗುತ್ತದೆ. ಪೆಟ್ರೋಲಿನಲ್ಲಿ ಮೇಣಬತ್ತಿ ಕರಗಿಸಿ ಹಚ್ಚುವ ಪದ್ಧತಿಯೂ ಕೇಳಿಬರುತ್ತದೆ. ಒಲೆಯ ಹತ್ತಿರ ಪೆಟ್ರೋಲ್ ಇಡುವ ಯಾವ ಪದ್ಧತಿಯೂ ಸರಿಯಲ್ಲ.

ಅಗಸಿ ಎಣ್ಣೆಯ ಮಾತು ಹಾಗಲ್ಲ, ಅದಕ್ಕೆ ಹಳೆಯ ಆಧಾರವಿದೆ. ಅಗಸಿ, ಕುಸುಬಿ ಎರಡೂ ನಮ್ಮ ಹೊಲದ ಬೆಳೆಗಳು, ಎರಡರ ಎಣ್ಣೆಯೂ ಗಾಳಿಗೆ ನಿಧಾನವಾಗಿ ಗಟ್ಟಿಯಾಗುವಂಥದು. ದಖ್ಖನಿನ ಬಾವಿಗಳ ತೊಗಲು ಚೀಲಕ್ಕೂ ಹಗ್ಗಕ್ಕೂ ಕುಸುಬಿ ಎಣ್ಣೆ ಕಾಯಿಸಿ ಹಚ್ಚುತ್ತಿದ್ದರು. ಹಡಗಿನ ಹಾಯಿಬಟ್ಟೆಗೆ ಅಗಸಿ ಎಣ್ಣೆ ಹಚ್ಚಿದ ನಾವಿಕರ ಚರಿತ್ರೆಯೂ ಇದೆ. ಹಾಗೆಂದು ಗಾಣದಿಂದ ತಂದ ಅಡುಗೆಯ ಅಗಸಿ ಎಣ್ಣೆಯನ್ನು ಹುಡ್‌ಗೆ ಸುರಿದರೆ ಅದು ದಿನಗಟ್ಟಲೆ ಅಂಟಂಟಾಗಿರುತ್ತದೆ, ಧೂಳಿಗೂ ಬೂಷ್ಟಿಗೂ ಆಹಾರವಾಗುತ್ತದೆ. ಬಡಗಿಗಳು ಬಳಸುವ, ಒಣಗಿಸುವ ಲವಣ ಸೇರಿಸಿದ ಅಗಸಿ ಎಣ್ಣೆ ಬೇಗ ಒಣಗುತ್ತದೆ. ಆದರೆ ಕ್ಷಾರದ ತೊಡಕು ಅದಕ್ಕೂ ಇದ್ದೇ ಇದೆ. ಇನ್ನೊಂದು ಎಚ್ಚರಿಕೆ ಜೀವದ ಮಾತು: ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಕಾವಿಗೇ ಅದು ಹೊತ್ತಿಕೊಳ್ಳಬಲ್ಲದು. ಅಂಥ ಬಟ್ಟೆಯನ್ನು ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು.

ರೆಗ್ಜಿನ್ ಹುಡ್‌ಗೆ ಈ ಯಾವುದೂ ಹೊಂದುವುದಿಲ್ಲ. ಎರಡೂ ಕಡೆ ನೇಯ್ಗೆ ಕಂಡರೆ ಕ್ಯಾನ್ವಾಸ್, ಒಂದು ಕಡೆ ನುಣುಪಾದ ಪ್ಲಾಸ್ಟಿಕ್ ಇದ್ದರೆ ರೆಗ್ಜಿನ್. ಪ್ಲಾಸ್ಟಿಕ್ ಪದರ ಮೊದಲೇ ನೀರು ಬಿಡದು, ಮೇಣ ಅದರೊಳಗೆ ಇಳಿಯದು. ಸೀಮೆಎಣ್ಣೆ, ಪೆಟ್ರೋಲಿನಿಂದ ಒರೆಸಿದರೆ ಅದನ್ನು ಮೆತ್ತಗಿಡುವ ಅಂಶ ಹೋಗಿ ಬಿರುಕು ಬಿಡುತ್ತದೆ. ಅಲ್ಲಿ ಹೊಲಿಗೆಯನ್ನಷ್ಟೇ ನೋಡಿಕೊಳ್ಳಬೇಕು.

“ಮಳ್ಯಾಗ ಒಳಗಿಂದ ಬಟ್ಟಿಗೆ ಬೆರಳು ತಾಗಿಸಬ್ಯಾಡ್ರಿ, ಸೋರ್ತದ.”

ಇದು ನಿಜ. ಪ್ರೂಫಿಂಗ್ ಸವೆದ, ತೊಯ್ದ ಹತ್ತಿ ಬಟ್ಟೆಯಲ್ಲಿ ನೀರು ಸಂದುಗಳ ಬಾಯಲ್ಲಿ ತಡೆದು ನಿಂತಿರುತ್ತದೆ. ಬೆರಳೋ ಗೋಣಿಚೀಲವೋ ತಾಗಿದರೆ ಅದಕ್ಕೆ ಇಳಿಯಲು ದಾರಿ ಸಿಗುತ್ತದೆ. ಮೇಣ ಚೆನ್ನಾಗಿರುವ ಹುಡ್‌ನಲ್ಲಿ ಈ ಭಯವಿಲ್ಲ. ಹಾಗೆಯೇ ಸೈಡ್ ಪರದೆಗಳನ್ನೆಲ್ಲ ಮುಚ್ಚಿ ಆರೆಂಟು ಜನ ಕೂತ ಗಾಡಿಯಲ್ಲಿ ಮೇಲಿನಿಂದ ತೊಟ್ಟಿಕ್ಕುವುದು ಎಷ್ಟೋ ಸಲ ಮಳೆಯೇ ಅಲ್ಲ, ಉಸಿರಿನ ಹಬೆ ತಣ್ಣನೆ ಬಟ್ಟೆಗೆ ತಾಗಿ ನೀರಾದದ್ದು. ಹಿಂದಿನ ಪರದೆ ಒಂದು ಗೇಣು ಎತ್ತಿದರೆ ನಿಲ್ಲುತ್ತದೆ.

“ಮ್ಯಾಲ ತಾಡಪತ್ರಿ ಕಟ್ಟಿದ್ರ ಸಾಕಲ್ಲ?”

ತೊಗರಿ ರಾಶಿಗೆ ಸಾಕು, ಹುಡ್‌ಗೆ ಸಾಲದು. ಪ್ಲಾಸ್ಟಿಕ್ ತಾಡಪತ್ರಿಯ ಕೆಳಗೆ ತೇವ ಆರುವುದಿಲ್ಲ, ಗಾಳಿಗೆ ಅದು ಬಡಿದಾಡಿ ಕ್ಯಾನ್ವಾಸನ್ನು ಉಜ್ಜುತ್ತದೆ. 2011ರಲ್ಲಿ ವನ್ಯಜೀವಿ ಧಾಮವಾದ ಚಿಂಚೋಳಿಯ ಕಾಡಿನಂಚಿನಲ್ಲಿ, ಗೊಟ್ಟಂಗೊಟ್ಟದ ಕಡೆ, ಮಳೆಗಾಲದಲ್ಲಿ ಮರದಡಿ ನಿಂತ ಗಾಡಿಗೆ ಧೂಳಿಗಿಂತ ಬೂಷ್ಟು ದೊಡ್ಡ ವೈರಿ. ಹತ್ತಿಯೇ ಬೂಷ್ಟಿನ ಊಟ. ಒದ್ದೆ ಹುಡ್ ಮಡಚಿ ಇಟ್ಟರೆ ಕೆಲವೇ ದಿನಗಳಲ್ಲಿ ಚುಕ್ಕಿ ಬೀಳುತ್ತದೆ. ರಾತ್ರಿ ಕಟ್ಟಿದ ತಾಡಪತ್ರಿ ಬೆಳಗ್ಗೆ ಬಿಚ್ಚಬೇಕು, ಮಳೆ ಬಿಟ್ಟಾಗಲೆಲ್ಲ ಹುಡ್ ಬಿಗಿದೇ ಒಣಗಬೇಕು.

ವರ್ಷಕ್ಕೊಮ್ಮೆ ಪ್ರೂಫಿಂಗ್ ಹಚ್ಚಲೇಬೇಕೆಂಬುದಕ್ಕೂ ಆಧಾರವಿಲ್ಲ. ಪದರದ ಮೇಲೆ ಪದರ ಬಿದ್ದರೆ ಬಟ್ಟೆ ಬಿರುಸಾಗುತ್ತದೆ, ಧೂಳನ್ನು ಇನ್ನಷ್ಟು ಹಿಡಿಯುತ್ತದೆ. ಸ್ವಚ್ಛ ಹುಡ್ ಮೇಲೆ ಒಂದು ಚಮಚ ನೀರು ಹಾಕಿ. ಮಣಿಯಂತೆ ಉರುಳಿ ಹೋದರೆ ಈ ವರ್ಷ ಡಬ್ಬಿ ಬೇಡ. ನೀರು ಹರಡಿ ಬಟ್ಟೆ ಕಪ್ಪಾದರೆ ಹಚ್ಚುವ ಕಾಲ ಬಂದಿದೆ. ವಾಡಿಯ ಕಾರ್ಖಾನೆ ರಸ್ತೆಯಲ್ಲಿ ಓಡಾಡುವ ಜೀಪಿಗೂ ಚಿಂಚೋಳಿಯ ಜೀಪಿಗೂ ಆ ಕಾಲ ಒಂದೇ ಆಗಿರಬೇಕಿಲ್ಲ. ಹಚ್ಚುವುದಾದರೆ ಹುಡ್ ಪೂರ್ತಿ ಒಣಗಿರಲಿ, ಕಮಾನಿನ ಮೇಲೆ ಬಿಗಿದಿರಲಿ. ಮೊದಲು ಮೂಲೆಯಲ್ಲಿ ಅಂಗೈಯಗಲ ಹಚ್ಚಿ ಬಣ್ಣ ನೋಡಿಕೊಳ್ಳಿ. ಕೆಲಸ ಬೆಳಗಿನ ಹೊತ್ತಿಗೇ ಮುಗಿಯಲಿ. ಹೊಲಿಗೆಗೆ ಉಜ್ಜುವ ಮೇಣದ ಗಟ್ಟಿಯ ಮಾತು ಬೇರೆ; ಡಬ್ಬಿಯ ಪ್ರೂಫಿಂಗ್ ಮಧ್ಯಾಹ್ನದ ಕಾದ ಬಟ್ಟೆಗೆ ಹಚ್ಚಿದರೆ ಒಳಗೆ ಇಳಿಯುವ ಮೊದಲೇ ಮೇಲೆ ಒಣಗಿ ಪಟ್ಟೆಪಟ್ಟೆಯಾಗುತ್ತದೆ.