ಎಣ್ಣೆ ಸಲ್ಲದ ಕಡೆ ಫ್ಲೋರಿನ್

ಬಸವಕಲ್ಯಾಣದ ಆಟೋನಗರದಲ್ಲಿ ಎಣ್ಣೆ ಮೆತ್ತದ ವಸ್ತು ಸಿಗುವುದು ಅಪರೂಪ. ಲಾರಿಯ ಹಬ್, ಪಾಟಾ, ಗೇರ್‌ಬಾಕ್ಸ್, ಮಿಸ್ತ್ರಿಯ ಅಂಗಿ, ಕೊನೆಗೆ ಚಹಾದ ಲೋಟಕ್ಕೂ ಗ್ರೀಸಿನ ಬೆರಳಚ್ಚು ಇದ್ದೇ ಇರುತ್ತದೆ. ಇಂಥ ಗ್ಯಾರೇಜಿನಲ್ಲೂ ಒಂದು ವಸ್ತುವಿಗೆ ಮಾತ್ರ ಎಣ್ಣೆ ಸೋಕಿಸುವಂತಿಲ್ಲ. ಗ್ಯಾಸ್ ವೆಲ್ಡಿಂಗಿನ ಕಪ್ಪು ಆಕ್ಸಿಜನ್ ಸಿಲಿಂಡರಿನ ಮೇಲೆ ಕೂತ ಗೇಜನ್ನು ಹತ್ತಿರದಿಂದ ನೋಡಿ. ಮುಳ್ಳಿನ ಪಕ್ಕದಲ್ಲಿ ‘ಯೂಸ್ ನೋ ಆಯಿಲ್’ ಎಂದು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ.

ಇದು ಸುಮ್ಮನೆ ಬರೆದ ಎಚ್ಚರಿಕೆಯಲ್ಲ. ತುಂಬಿದ ಸಿಲಿಂಡರಿನಲ್ಲಿ ಆಕ್ಸಿಜನ್ ಒತ್ತಡ ವಾತಾವರಣದ ಒತ್ತಡಕ್ಕಿಂತ ಸುಮಾರು 150 ಪಟ್ಟು ಇರುತ್ತದೆ. ವಾಲ್ವನ್ನು ಗಕ್ಕನೆ ತಿರುಗಿಸಿದರೆ ರೆಗ್ಯುಲೇಟರಿನೊಳಗೆ ನುಗ್ಗಿದ ಅನಿಲ ಒತ್ತಿಕೊಂಡು ಬಿಸಿಯೇರುತ್ತದೆ. ಅಲ್ಲಿ ಒಂದು ಹನಿ ಗ್ರೀಸ್ ಇದ್ದರೂ ಕಿಡಿಯ ಹಂಗಿಲ್ಲದೆ ಹೊತ್ತಿಕೊಂಡೀತು. ಹಾಗೆಂದು ವಾಲ್ವಿನ ಸ್ಪಿಂಡಲ್ ಒಣಗಿಕೊಂಡೇ ತಿರುಗುತ್ತಿರಲು ಆದೀತೇ? ಅದಕ್ಕೂ ಕೀಲೆಣ್ಣೆ ಬೇಕು, ಆದರೆ ಉರಿಯದ ಕೀಲೆಣ್ಣೆ ಬೇಕು. ಆ ಜಾಗವನ್ನು ತುಂಬಿದ್ದು ಫ್ಲೋರಿನ್ ಹೊದ್ದ ಪಾಲಿಮರುಗಳು.

ಕಲ್ಯಾಣ ಕರ್ನಾಟಕದವರಿಗೆ ಫ್ಲೋರಿನ್ ಎಂದಕೂಡಲೇ ಕೊಳವೆಬಾವಿಯ ನೀರು, ಹಲ್ಲಿನ ಕಂದು ಕಲೆ ನೆನಪಾಗುತ್ತದೆ. ಅದು ನೀರಿನಲ್ಲಿ ಕರಗಿದ ಫ್ಲೋರೈಡ್ ಅಯಾನು. ಮೈಗೆ ಸೇರಿ ಮೂಳೆ, ಹಲ್ಲುಗಳಲ್ಲಿ ಕೂರುತ್ತದೆ. ಪಾಲಿಮರಿನಲ್ಲಿರುವ ಫ್ಲೋರಿನ್ ಇಂಗಾಲಕ್ಕೆ ಬಿಗಿಯಾಗಿ ಕಟ್ಟಿಕೊಂಡಿದ್ದು, ಮಾಮೂಲು ಬಿಸಿಯಲ್ಲಿ ಕಳಚಿ ಬರುವುದಿಲ್ಲ.

ಉರಿಯಲು ಉಳಿದಿದ್ದೇನು?

ಡೀಸೆಲ್, ಎಂಜಿನ್ ಆಯಿಲ್, ಗ್ರೀಸ್ ಎಲ್ಲವೂ ಇಂಗಾಲದ ಸರಪಳಿಗಳೇ. ಸರಪಳಿಯ ಸುತ್ತ ಹೈಡ್ರೋಜನ್ ಪರಮಾಣುಗಳು ಇರುತ್ತವೆ. ಆಕ್ಸಿಜನ್ ಬಂದು ಈ ಹೈಡ್ರೋಜನ್ನನ್ನೂ ಇಂಗಾಲವನ್ನೂ ಕಿತ್ತುಕೊಂಡಾಗ ಹುಟ್ಟುವುದೇ ಬೆಂಕಿ. ಒಂದೊಂದು ಹೈಡ್ರೋಜನ್ ತೆಗೆದು ಅಲ್ಲಿ ಫ್ಲೋರಿನ್ ಕೂರಿಸಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಇಂಗಾಲ ಮತ್ತು ಹೈಡ್ರೋಜನ್ ನಡುವಿನ ಬಂಧ ಮುರಿಯಲು ಮೋಲಿಗೆ ಸುಮಾರು 413 ಕಿಲೋಜೂಲ್ ಶಕ್ತಿ ಸಾಕು. ಇಂಗಾಲ ಮತ್ತು ಫ್ಲೋರಿನ್ ಬಂಧಕ್ಕೆ ಸುಮಾರು 485 ಬೇಕು. ಎಲೆಕ್ಟ್ರಾನ್ ಸೆಳೆಯುವುದರಲ್ಲಿ ಫ್ಲೋರಿನ್ನನ್ನು ಮೀರಿಸುವ ಮೂಲಧಾತು ಇಲ್ಲ. ಅದು ಒಮ್ಮೆ ಹಿಡಿದ ಇಂಗಾಲದಲ್ಲಿ ಆಕ್ಸಿಜನ್ನಿಗೆ ಕಸಿದುಕೊಳ್ಳಲು ಹೆಚ್ಚೇನೂ ಉಳಿಯುವುದಿಲ್ಲ.

ಫ್ಲೋರಿನ್ ಪರಮಾಣು ಹೈಡ್ರೋಜನ್ನಿಗಿಂತ ದಪ್ಪ. ಅಕ್ಕಪಕ್ಕದ ಫ್ಲೋರಿನ್‌ಗಳಿಗೆ ಇಕ್ಕಟ್ಟಾಗಿ ಇಡೀ ಸರಪಳಿ ತುಸು ತಿರುಚಿಕೊಳ್ಳುತ್ತದೆ, ಇಂಗಾಲದ ಬೆನ್ನೆಲುಬು ಸುತ್ತಲೂ ಮುಚ್ಚಿಹೋಗುತ್ತದೆ. ಹೀಗೆ ಮುಚ್ಚಿದ ಸರಪಳಿಗಳ ನಡುವೆ ಪರಸ್ಪರ ಸೆಳೆತ ತೀರಾ ಕಡಿಮೆ. ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ. ಉರಿಯದ ಗುಣಕ್ಕೂ ಜಾರುವ ಗುಣಕ್ಕೂ ಬೇರು ಒಂದೇ.

ಈ ವಸ್ತು ಸಿಕ್ಕಿದ್ದು ಆಕಸ್ಮಿಕವಾಗಿ. 1938ರ ಏಪ್ರಿಲ್ 6ರಂದು ಅಮೆರಿಕದ ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಮತ್ತು ಸಹಾಯಕ ಜ್ಯಾಕ್ ರೆಬೋಕ್ ಟೆಟ್ರಾಫ್ಲೋರೋಎಥಿಲೀನ್ ತುಂಬಿದ ಸಣ್ಣ ಸಿಲಿಂಡರಿನ ವಾಲ್ವ್ ತೆರೆದರು. ಅನಿಲ ಬರಲಿಲ್ಲ, ಆದರೆ ತಕ್ಕಡಿ ಪೂರ್ತಿ ತೂಕ ತೋರಿಸುತ್ತಿತ್ತು. ಸಿಲಿಂಡರನ್ನೇ ಕೊಯ್ದು ನೋಡಿದರೆ ಒಳಗೆ ಬಿಳಿ ಪುಡಿ. ಅನಿಲದ ಅಣುಗಳು ತಮ್ಮಷ್ಟಕ್ಕೆ ಕೈ ಹಿಡಿದುಕೊಂಡು ಪಿಟಿಎಫ್‌ಇ, ಅಂದರೆ ಪಾಲಿಟೆಟ್ರಾಫ್ಲೋರೋಎಥಿಲೀನ್ ಆಗಿದ್ದವು. ಟೆಫ್ಲಾನ್ ಎಂಬ ವ್ಯಾಪಾರದ ಹೆಸರು ಬಂದದ್ದು ಆಮೇಲೆ. ಎರಡನೇ ಮಹಾಯುದ್ಧದಲ್ಲಿ ಅಣುಬಾಂಬಿಗಾಗಿ ಯುರೇನಿಯಂ ಬೇರ್ಪಡಿಸುವಾಗ ಬಳಸಿದ ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲ ಮಾಮೂಲು ಎಣ್ಣೆ, ಸೀಲುಗಳನ್ನೆಲ್ಲ ತಿಂದುಹಾಕುತ್ತಿತ್ತು. ಅದರ ಮುಂದೆ ತಾಳಿಕೊಂಡದ್ದು ಫ್ಲೋರಿನ್ ತುಂಬಿದ ವಸ್ತುಗಳೇ.

ಹೆದ್ದಾರಿಯಲ್ಲೇ ಇದ್ದ ಕಾರ್ಖಾನೆ

ಹುಮನಾಬಾದಿನಿಂದ ರಾಷ್ಟ್ರೀಯ ಹೆದ್ದಾರಿ 65 ಹಿಡಿದು ಜಹೀರಾಬಾದ್, ಸದಾಶಿವಪೇಟೆ, ಸಂಗಾರೆಡ್ಡಿ ದಾಟಿದರೆ ಪಟಾನ್‌ಚೆರು ತಲುಪುವ ಮುಂಚೆ ರುದ್ರಾರಂ ಸಿಗುತ್ತದೆ. ಹೊಸ ಗಾಡಿಗೆ ಪೂಜೆ ಮಾಡಿಸುವ ಗಣೇಶಗಡ್ಡ ದೇವಸ್ಥಾನದಿಂದಾಗಿ ಈ ಊರು ನಮ್ಮ ಲಾರಿ ಚಾಲಕರಿಗೆ ಗೊತ್ತು. ಇದೇ ರುದ್ರಾರಂನಲ್ಲಿ ಹಿಂದೂಸ್ತಾನ್ ಫ್ಲೋರೋಕಾರ್ಬನ್ಸ್ ಲಿಮಿಟೆಡ್ ಎಂಬ ಸರ್ಕಾರಿ ಕಾರ್ಖಾನೆ ಇತ್ತು. 1983ರಲ್ಲಿ ಹಿಂದೂಸ್ತಾನ್ ಆರ್ಗ್ಯಾನಿಕ್ ಕೆಮಿಕಲ್ಸ್ ಸಂಸ್ಥೆಯ ಅಂಗವಾಗಿ ಹುಟ್ಟಿ, 1987ರಲ್ಲಿ ಉತ್ಪಾದನೆ ಆರಂಭಿಸಿದ ಈ ಕಾರ್ಖಾನೆ ಪಿಟಿಎಫ್‌ಇ ತಯಾರಿಸುತ್ತಿತ್ತು. ವರ್ಷಗಟ್ಟಲೆ ನಷ್ಟ ಉಂಡ ಅದನ್ನು ಮುಚ್ಚಲು ಕೇಂದ್ರ ಸಂಪುಟ 2020ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಈಗ ದೇಶದ ದೊಡ್ಡ ಉತ್ಪಾದನೆ ಗುಜರಾತಿನ ದಹೇಜ್‌ನಲ್ಲಿದೆ.

ಪಿಟಿಎಫ್‌ಇ ತಯಾರಿಯ ದಾರಿ ಶುರುವಾಗುವುದು ಫ್ಲೋರ್‌ಸ್ಪಾರ್ ಎಂಬ ಖನಿಜದಿಂದ. ಅದಕ್ಕೆ ಗಂಧಕಾಮ್ಲ ಬೆರೆಸಿ ಬಿಸಿ ಮಾಡಿದರೆ ಹೈಡ್ರೋಜನ್ ಫ್ಲೋರೈಡ್ ಹೊರಡುತ್ತದೆ. ಗಾಜನ್ನೂ ಕರಗಿಸುವ, ಚರ್ಮದ ಮೂಲಕ ಇಳಿದು ಮೂಳೆಯವರೆಗೆ ಸುಡುವ ವಸ್ತು ಇದು. ಇದನ್ನು ಕ್ಲೋರೋಫಾರ್ಮ್ ಜೊತೆ ಸೇರಿಸಿದಾಗ ಆರ್-22 ಅನಿಲ ಸಿಗುತ್ತದೆ. ಹಳೆಯ ಏಸಿಗಳಿಗೆ ತುಂಬುತ್ತಿದ್ದ ಅದೇ ಗ್ಯಾಸು. ಆರ್-22 ಅನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿದರೆ ಒಡೆದು ಟೆಟ್ರಾಫ್ಲೋರೋಎಥಿಲೀನ್ ಆಗುತ್ತದೆ.

ಕಷ್ಟದ ಹಂತ ಬರುವುದು ಇಲ್ಲಿಯೇ. ಈ ಅನಿಲ ಗಾಳಿಯ ಸಹಾಯ ಇಲ್ಲದೆಯೂ ಸಿಡಿಯಬಲ್ಲದು. ಹಾಗಾಗಿ ಶೇಖರಿಸುವಾಗ ಅದಕ್ಕೆ ಟರ್ಪೀನ್ ಜಾತಿಯ ವಸ್ತು ಬೆರೆಸುತ್ತಾರೆ. ಕಿತ್ತಳೆ ಸಿಪ್ಪೆಗೆ ವಾಸನೆ ಕೊಡುವ ಲಿಮೋನೀನ್ ಅಂಥದ್ದೊಂದು. ಅಣುಗಳು ಹೊತ್ತಲ್ಲದ ಹೊತ್ತಿನಲ್ಲಿ ಸರಪಳಿ ಕಟ್ಟದಂತೆ ಅದು ತಡೆಯುತ್ತದೆ. ಬಳಸುವ ಮುನ್ನ ಅದನ್ನು ಬೇರ್ಪಡಿಸಿ, ಅನಿಲವನ್ನು ನೀರಿರುವ ಪಾತ್ರೆಗೆ ಒತ್ತಡದಲ್ಲಿ ಬಿಟ್ಟು, ಪರ್ಸಲ್ಫೇಟ್ ಲವಣದಿಂದ ಕ್ರಿಯೆಗೆ ಚಾಲನೆ ಕೊಟ್ಟರೆ ಬಿಳಿ ಪಾಲಿಮರು ಕೂಡಿಕೊಳ್ಳುತ್ತದೆ. ನೀರು ಇರಬೇಕಾದದ್ದು ಕ್ರಿಯೆಯಲ್ಲಿ ಹುಟ್ಟುವ ಬಿಸಿಯನ್ನು ಹೀರಿಕೊಳ್ಳಲು.

ಸಿಕ್ಕ ಪುಡಿ 327 ಡಿಗ್ರಿಯಲ್ಲಿ ಕರಗುತ್ತದೆ ಎಂದರೂ ಹರಿಯುವುದಿಲ್ಲ. ಅಣುಗಳು ಅಷ್ಟು ಉದ್ದ. ಬಕೆಟ್ಟು, ಕೊಡಗಳಂತೆ ಅಚ್ಚಿಗೆ ಹೊಯ್ಯಲಾಗದು. ಪುಡಿಯನ್ನು ಒತ್ತಿ, ಕುಲುಮೆಯಲ್ಲಿ ಬೇಯಿಸಿ, ಬಂದ ಗಟ್ಟಿಯನ್ನು ಲೇತಿನಲ್ಲಿ ಕಡೆದು ಬುಷ್, ವಾಷರ್, ಸೀಲು ಮಾಡುತ್ತಾರೆ. ಕೀಲೆಣ್ಣೆಗೆ ಬೇಕಾದ ನುಣ್ಣನೆ ಪುಡಿಗೆ ಬೇರೆ ಉಪಾಯವಿದೆ. ಪಿಟಿಎಫ್‌ಇ ಚೂರುಪಾರುಗಳ ಮೇಲೆ ಗಾಮಾ ಕಿರಣ ಅಥವಾ ಎಲೆಕ್ಟ್ರಾನ್ ಕಿರಣ ಹಾಯಿಸಿ, ಉದ್ದ ಸರಪಳಿಗಳನ್ನು ತುಂಡರಿಸಿ ಅರೆಯುತ್ತಾರೆ.

ಪುಡಿ, ಬುಷ್, ಎಣ್ಣೆ

ಪಿಟಿಎಫ್‌ಇ ಬುಷ್ ಉಕ್ಕಿನ ಮೇಲೆ ಉಜ್ಜುವಾಗ ಕರಿಹಲಗೆಗೆ ಸೀಮೆಸುಣ್ಣ ಹತ್ತುವಂತೆ ಅದರ ತೆಳುಪದರ ಉಕ್ಕಿಗೆ ಹತ್ತುತ್ತದೆ. ಆಮೇಲೆ ಜಾರುವುದು ಪಿಟಿಎಫ್‌ಇ ಮೇಲೆ ಪಿಟಿಎಫ್‌ಇ. ನಿಂತದ್ದನ್ನು ಅಲುಗಾಡಿಸಲು ಬೇಕಾದ ಬಲ ಚಲಿಸುತ್ತಿರುವಾಗಿನ ಬಲಕ್ಕಿಂತ ಹೆಚ್ಚಿಲ್ಲದ ಕಾರಣ ಜರ್ಕು ಹೊಡೆಯುವುದಿಲ್ಲ. ಆದರೆ ಶುದ್ಧ ಪಿಟಿಎಫ್‌ಇ ಬೇಗ ಸವೆಯುತ್ತದೆ. ಗಾಜಿನ ಎಳೆ, ಕಂಚಿನ ಪುಡಿ, ಇಂಗಾಲ ಬೆರೆಸಿದರೆ ಸವೆತ ನೂರಾರು ಪಟ್ಟು ಇಳಿಯುತ್ತದೆ.

ಹೆದ್ದಾರಿಗಳ ದೊಡ್ಡ ಸೇತುವೆಗಳ ಅಡಿಯಲ್ಲೂ ಇದೇ ವಸ್ತು ಇದೆ. ಕಂಬಕ್ಕೂ ಗರ್ಡರಿಗೂ ನಡುವೆ ಪಿಟಿಎಫ್‌ಇ ಹಾಳೆ, ಅದರ ಮೇಲೆ ನಯಗೊಳಿಸಿದ ಸ್ಟೇನ್‌ಲೆಸ್ ಸ್ಟೀಲ್ ತಗಡು. 40 ಮೀಟರ್ ಉದ್ದದ ಗರ್ಡರ್ 30 ಡಿಗ್ರಿ ತಾಪ ಏರಿದಾಗ ಸುಮಾರು 14 ಮಿಲಿಮೀಟರ್ ಹಿಗ್ಗುತ್ತದೆ. ಬೀದರ್ ಜಿಲ್ಲೆಯ ಚಳಿಗಾಲದ ಇರುಳಿಗೂ ಬೇಸಿಗೆಯ ಮಧ್ಯಾಹ್ನಕ್ಕೂ ಅಷ್ಟು ವ್ಯತ್ಯಾಸ ಇದ್ದೇ ಇದೆ. ಜಾರಲು ಜಾಗವಿಲ್ಲದಿದ್ದರೆ ಆ ಒತ್ತಡವೆಲ್ಲ ಕಂಬದ ಮೇಲೆ ಬಿದ್ದು ಬಿರುಕು ಬಿಡುತ್ತಿತ್ತು. ಪಿಟಿಎಫ್‌ಇಯ ವಿಶೇಷವೆಂದರೆ ಭಾರ ಹೆಚ್ಚಿದಷ್ಟೂ ಅದರ ಘರ್ಷಣಾಂಕ ಕಡಿಮೆಯಾಗುತ್ತದೆ.

ದ್ರವರೂಪದ ಕೀಲೆಣ್ಣೆಯ ಹೆಸರು ಪರ್‌ಫ್ಲೋರೋಪಾಲಿಈಥರ್. ಡ್ಯೂಪಾಂಟ್ ಇದನ್ನು ಕ್ರೈಟಾಕ್ಸ್ ಎಂದು, ಇಟಲಿಯ ಮಾಂಟೆಡಿಸನ್ ಫಾಂಬ್ಲಿನ್ ಎಂದು ಮಾರುಕಟ್ಟೆಗೆ ತಂದವು. ಕ್ರೈಟಾಕ್ಸಿನ ವಿಧಾನದಲ್ಲಿ ಹೆಕ್ಸಾಫ್ಲೋರೋಪ್ರೊಪಿಲೀನ್ ಆಕ್ಸೈಡ್ ಎಂಬ ಉಂಗುರದಂಥ ಅಣುವನ್ನು ಸೀಸಿಯಂ ಫ್ಲೋರೈಡ್ ಬಿಚ್ಚಿ ಸರಪಳಿಯಾಗಿ ಜೋಡಿಸುತ್ತದೆ. ಸರಪಳಿಯ ತುದಿ ಮಾತ್ರ ಇನ್ನೂ ಕ್ರಿಯಾಶೀಲವಾಗಿರುತ್ತದೆ. ಅದಕ್ಕೆ ಫ್ಲೋರಿನ್ ಅನಿಲ ಹಾಯಿಸಿ ಬಾಯಿ ಕಟ್ಟುತ್ತಾರೆ. ಸರಪಳಿಯ ನಡುನಡುವೆ ಆಕ್ಸಿಜನ್ ಪರಮಾಣು ಇರುವುದರಿಂದ ಅದು ಸುಲಭವಾಗಿ ಬಾಗುತ್ತದೆ, ಹಾಗಾಗಿ ಗಟ್ಟಿಯಾಗದೆ ಎಣ್ಣೆಯಾಗಿಯೇ ಉಳಿಯುತ್ತದೆ. ಇದಕ್ಕೆ ಪಿಟಿಎಫ್‌ಇ ಪುಡಿ ಕಲಸಿದರೆ ಬಿಳಿ ಗ್ರೀಸ್ ಸಿದ್ಧ. ಆಕ್ಸಿಜನ್ ವಾಲ್ವು, ರಾಸಾಯನಿಕ ಕಾರ್ಖಾನೆಯ ವ್ಯಾಕ್ಯೂಮ್ ಪಂಪು, ಉಪಗ್ರಹದ ಬೇರಿಂಗುಗಳಲ್ಲಿ ಇದು ಕೆಲಸ ಮಾಡುತ್ತದೆ. ಕಂಪ್ಯೂಟರಿನ ಹಾರ್ಡ್‌ಡಿಸ್ಕಿನ ಮೇಲೂ ಒಂದೆರಡು ನ್ಯಾನೋಮೀಟರ್ ದಪ್ಪದ ಇದೇ ಜಾತಿಯ ಲೇಪವಿದೆ.

ಬೆಲೆ ಮಾಮೂಲು ಗ್ರೀಸಿನ ಹತ್ತಾರು ಪಟ್ಟು. ಬಳಸುವ ರೀತಿಯೂ ಬೇರೆ. ಡೀಸೆಲ್, ಸೀಮೆಎಣ್ಣೆಯಲ್ಲಿ ಇದು ಕರಗುವುದಿಲ್ಲ, ಬೇರೆ ಗ್ರೀಸಿನ ಜೊತೆ ಬೆರೆಯುವುದೂ ಇಲ್ಲ. ಬೇರಿಂಗಿನಲ್ಲಿ ಹಳೆಯ ಗ್ರೀಸಿನ ಪಸೆ ಉಳಿದಿದ್ದರೆ ಹೊಸದು ಲೋಹಕ್ಕೆ ಹಿಡಿಯದು. ಆದ್ದರಿಂದ ಪೂರ್ತಿ ತೊಳೆದು ಒಣಗಿಸಿದ ಮೇಲೆಯೇ ಹಚ್ಚಬೇಕು. ತುಕ್ಕು ತಡೆಯುವ ಸಾಮಾನ್ಯ ಔಷಧಿಗಳೂ ಇದರಲ್ಲಿ ಕರಗುವುದಿಲ್ಲ.

ಎಂಜಿನ್ನಿಗೆ ಬೇಡ

ಇಷ್ಟು ಜಾರುವ ವಸ್ತುವನ್ನು ಎಂಜಿನ್ ಆಯಿಲಿಗೇ ಸುರಿದರೆ ಡೀಸೆಲ್ ಉಳಿಯದೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಟೆಫ್ಲಾನ್ ಪುಡಿ ಬೆರೆಸಿದ ಡಬ್ಬಿಗಳನ್ನು ಅಮೆರಿಕದಲ್ಲಿ ಸ್ಲಿಕ್ 50 ಎಂಬ ಹೆಸರಿನಲ್ಲಿ ಭರ್ಜರಿಯಾಗಿ ಮಾರಿದರು. ಅದರ ಜಾಹೀರಾತಿನ ಮಾತುಗಳಿಗೆ ಆಧಾರವಿಲ್ಲ ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ದೂರು ಹೂಡಿತು; ಮರುವರ್ಷ ಕಂಪನಿ ರಾಜಿಗೆ ಬಂತು. ಎಂಜಿನ್ನಿನಲ್ಲಿ ಲೋಹಗಳ ನಡುವೆ ಎಣ್ಣೆಯ ಪದರ ಮೊದಲೇ ಇದೆ. ಅಲ್ಲಿ ಘನ ಪುಡಿಗೆ ಮಾಡಲು ಹೆಚ್ಚು ಕೆಲಸವಿಲ್ಲ. ಎಣ್ಣೆ ನಿಲ್ಲದ, ಎಣ್ಣೆ ಉರಿಯುವ, ಎಣ್ಣೆಯನ್ನು ರಾಸಾಯನಿಕ ತಿಂದುಹಾಕುವ ಕಡೆಯಷ್ಟೇ ಫ್ಲೋರಿನ್ನಿನ ಸರದಿ.

ಅಳಿಯದ ಗುಣದ ಸಾಲ

ಇಂಗಾಲ ಮತ್ತು ಫ್ಲೋರಿನ್ನಿನ ಯಾವ ಬಂಧ ಈ ಪಾಲಿಮರುಗಳನ್ನು ಕಾಯುತ್ತದೋ ಅದೇ ಬಂಧ ಅವನ್ನು ಮಣ್ಣಿನಲ್ಲಿ ಕೊಳೆಯಲೂ ಬಿಡುವುದಿಲ್ಲ. ಪಿಟಿಎಫ್‌ಇ ತಯಾರಿಯಲ್ಲಿ ದಶಕಗಳ ಕಾಲ ಬಳಸಿದ ಪಿಎಫ್‌ಒಎ ಎಂಬ ನೊರೆವಸ್ತು ಅಮೆರಿಕದ ಪಾರ್ಕರ್ಸ್‌ಬರ್ಗ್ ಸುತ್ತಲಿನ ಕುಡಿಯುವ ನೀರಿಗೆ ಸೇರಿತು, ಜನರ ರಕ್ತದಲ್ಲಿ ಉಳಿಯಿತು. 2019ರಲ್ಲಿ ಅದು ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಬಂತು. ಆರ್-22 ತಯಾರಿಸುವಾಗ ಬೇಡದಿದ್ದರೂ ಹುಟ್ಟುವ ಎಚ್‌ಎಫ್‌ಸಿ-23 ಅನಿಲ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 12,000 ಪಟ್ಟಿಗೂ ಹೆಚ್ಚು ಪ್ರಬಲ. ಅದನ್ನು ಗಾಳಿಗೆ ಬಿಡದೆ ಸುಟ್ಟುಹಾಕಬೇಕೆಂದು ಭಾರತ ಸರ್ಕಾರ 2016ರ ಅಕ್ಟೋಬರಿನಲ್ಲಿ ಕಾರ್ಖಾನೆಗಳಿಗೆ ಆದೇಶಿಸಿತು. ಔಷಧಿ, ರಾಸಾಯನಿಕ ಕಾರ್ಖಾನೆಗಳನ್ನು ಪಕ್ಕದಲ್ಲೇ ಇಟ್ಟುಕೊಂಡ ಹುಮನಾಬಾದಿನವರಿಗೆ, ಗೇಟಿನಿಂದ ಹೊರಬರುವ ಸರಕಿನಷ್ಟೇ ಮೋರಿಯಿಂದ, ಚಿಮಣಿಯಿಂದ ಹೊರಬರುವುದನ್ನೂ ವಿಚಾರಿಸಬೇಕೆಂದು ಬಿಡಿಸಿ ಹೇಳಬೇಕಿಲ್ಲ.

ಮಿಸ್ತ್ರಿಗಳು ಕೈಯಾರೆ ಪಾಲಿಸಬೇಕಾದದ್ದೂ ಇದೆ. ಪಿಟಿಎಫ್‌ಇ ಸೀಲ್ ಇರುವ ಭಾಗಕ್ಕೆ ಅದನ್ನು ಬಿಚ್ಚಿ ತೆಗೆಯದೆ ಗ್ಯಾಸ್ ಕಟಿಂಗ್ ಮಾಡಬಾರದು. 350ರಿಂದ 400 ಡಿಗ್ರಿ ದಾಟಿದರೆ ಅದು ಒಡೆದು ವಿಷದ ಹೊಗೆಯಾಗುತ್ತದೆ. ಆ ಹೊಗೆ ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರದಂತೆ ಮೈ ನಡುಗುತ್ತದೆ. ಇದರ ಪುಡಿ ಮೆತ್ತಿದ ಕೈಯಲ್ಲಿ ಬೀಡಿ ಹಚ್ಚಿದರೂ ಅದೇ ಗತಿ, ಏಕೆಂದರೆ ಬೀಡಿಯ ಕೆಂಡದ ಶಾಖ ಅದಕ್ಕಿಂತ ಹೆಚ್ಚು. ಹಳೆಯ ಪಿಟಿಎಫ್‌ಇ ಸೀಲು, ಟೇಪಿನ ತುಂಡುಗಳನ್ನು ಕಸದ ಜೊತೆ ಸುಡದೆ ಬೇರೆ ಡಬ್ಬಿಯಲ್ಲಿ ಕೂಡಿಡಬೇಕು. ಆಕ್ಸಿಜನ್ ರೆಗ್ಯುಲೇಟರ್ ಬಿಗಿಯಾಗಿದ್ದರೆ ಕೈಗೆ ಸಿಕ್ಕ ಗ್ರೀಸ್ ಹಚ್ಚುವ ಬದಲು ಆಕ್ಸಿಜನ್ನಿಗೆಂದೇ ಪರೀಕ್ಷೆಯಾದ ಗ್ರೀಸ್ ಕೇಳಿ ತರಬೇಕು. ಅದು ಸಿಗದ ದಿನ ರೆಗ್ಯುಲೇಟರನ್ನು ಹಾಗೆಯೇ ಬದಿಗಿಟ್ಟು ಬೇರೆ ತರಿಸುವುದೇ ಅಗ್ಗ.